ದೋಣಿಮನೆಯ ಸರ್ವರ್

ನವೆಂಬರ್ 3, ಸೋಮವಾರ
ತೊಟ್ಟಿಗಳನ್ನೆಲ್ಲ ನೋಡಿ ಬಂದೆ. ಸಾಲ್ಮನ್ ಮರಿಗಳು ಚೆನ್ನಾಗಿ ತಿನ್ನುತ್ತಿವೆ. ಜಾಲರಿ ಮತ್ತೆ ಕೊಳಕು — ಕೆಲಸದವರಿಗೆ ಬೈದೆ.

ಮಗಳು ಇಂಗ್ವಿಲ್ ಎರಡನೆಯ ಸರ್ವರ್ ಕಂಪ್ಯೂಟರ್ ತಂದು, ದಡದಲ್ಲಿ ಅವಳಪ್ಪ ದೋಣಿ, ಬಲೆ ಇಡುತ್ತಿದ್ದ ದೋಣಿಮನೆಯಲ್ಲಿ ಇಟ್ಟಳು. ಒಂದು ಶೆಡ್ಡಿನಲ್ಲಿ, ಒಂದು ಅಲ್ಲಿ. ತೊಟ್ಟಿಗಳಿಗೆ ಆಮ್ಲಜನಕ ಬಿಡುವುದು ಒಂದು ಸಲಕ್ಕೆ ಒಂದರ ಕೆಲಸ. ‘ಇದ್ದೇನೆ, ಇದ್ದೇನೆ’ ಎಂದು ಎರಡೂ ಸದಾ ಹೇಳಿಕೊಳ್ಳುತ್ತಿರಬೇಕಂತೆ. ಒಂದು ಸುಮ್ಮನಾದರೆ ಇನ್ನೊಂದು ಅದರ ಕರೆಂಟ್ ಕಡಿದು, ಕೆಲಸ ತಾನು ಹಿಡಿಯುತ್ತದೆ.

“ಕರೆಂಟ್ ಯಾಕೆ ಕಡೀಬೇಕು?”

“ಸತ್ತಿರೋದು ಖಾತ್ರಿಯಾಗ್ಲಿ ಅಂತ, ಅಮ್ಮಾ.”

“ಮಾತಾಡ್ಲಿಲ್ಲ ಅಂದ್ರೆ ಸತ್ತೇಹೋಯ್ತಾ? ಆ ಕಡಿಯೋದೊಂದು ಬೇಡ.”

ನನ್ನ ಮುಖವನ್ನೇ ನೋಡಿದಳು. ಅವಳಪ್ಪ ಓಸ್ಮುಂಡ್ ದೋಣಿಯೊಂದಿಗೆ ಸಮುದ್ರದಲ್ಲಿ ಕಾಣೆಯಾಗಿ ಒಂಬತ್ತು ವರ್ಷ. ಚರ್ಚಿನಲ್ಲಿ ಸತ್ತವರ ನೆನಪಿನ ಕಲ್ಲಿನ ಮೇಲೆ ಹೆಸರು ಕೆತ್ತಿಸೋಣವೆಂದು ಪಾದ್ರಿ ಬಂದಿದ್ದ. ಬಾಗಿಲಿಂದಲೇ ಕಳಿಸಿದೆ. ದೇಹ ನೋಡದೆ ಒಪ್ಪುವವಳಲ್ಲ ನಾನು.

ನವೆಂಬರ್ 7
ದೋಣಿಮನೆಯ ಕಿಟಕಿಯಲ್ಲಿ ಹಸಿರು ದೀಪ. ಅಡುಗೆಮನೆಯಿಂದ ಕಾಣುತ್ತದೆ. ಫ್ಯಾನಿನ ಸದ್ದು ಇಷ್ಟು ದೂರ ಬರುವುದಿಲ್ಲ, ಗೊತ್ತು. ಆದರೂ... ಒಳಗೆ ಯಾರೋ ಬಲೆ ಎಳೆದಾಡಿದ ಹಾಗೆ.

ಕಾಫಿಗೆ ಬಂದ ಇಂಗ್ವಿಲ್ ಮತ್ತೆ ಅದೇ ರಾಗ. “ಅಪ್ಪನ ವಿಷಯದ ಹಟಾನ ಯಂತ್ರದ ಮೇಲೆ ತೋರಿಸ್ಬೇಡ.”

“ತಿಂಡಿ ತಿಂದು ಎದ್ದೇಳು. ಈ ಮೀನು ಸಾಕಣೆ ನಡೆಸೋಳು ನಾನು.”

ನವೆಂಬರ್ 19
ಬಿರುಗಾಳಿ. ಸರ್ವರ್‌ಗಳು ಮಾತಾಡುವ ಕೇಬಲ್ ಜೆಟ್ಟಿಯ ಕೆಳಗೆ ತುಂಡಾಯಿತು. ಆಮ್ಲಜನಕದ ಕವಾಟಗಳ ತಂತಿ ಉಳಿಯಿತು. ಎರಡೂ ಬದುಕಿದ್ದವು; ಕರೆಂಟ್ ಕಡಿಯುವುದು ಬೇಡವೆಂದವಳು ನಾನೇ. ಇನ್ನೊಂದು ಸತ್ತಿತೆಂದು ಎರಡೂ ಎಣಿಸಿದವು. ಒಂದು ಕವಾಟ ತೆರೆಯುವುದು, ಇನ್ನೊಂದು ಮುಚ್ಚುವುದು. ಇಂಗ್ವಿಲ್ ಕೈಯಿಂದ ತಿರುಗಿಸುವಷ್ಟರಲ್ಲಿ ಅರ್ಧ ಮರಿಗಳು ಹೊಟ್ಟೆ ಮೇಲಾಗಿ, ಬೆಳ್ಳಗೆ...

ನವೆಂಬರ್ 20
ಸತ್ತವನ್ನು ಬುಟ್ಟಿಯಲ್ಲಿ ಎತ್ತಿದೆವು. ಅವಳು ಬಯ್ಯಲಿಲ್ಲ. ಬೈದಿದ್ದರೆ ತಿರುಗಿ ಬಯ್ಯಬಹುದಿತ್ತು.

“ಉಳಿದವೂ ಹೋದ್ರೆ ಬಾಗಿಲು ಹಾಕ್ಬೇಕು, ಅಮ್ಮಾ.”

“ಹಾಕು ಅದನ್ನ. ಕರೆಂಟ್ ಕಡಿಯೋದನ್ನ.”

ನವೆಂಬರ್ 24
ಹೊಸ ಕೇಬಲ್. ಎರಡೇ ಇದ್ದರೆ ಜಗಳ ಬಗೆಹರಿಯುವುದಿಲ್ಲವೆಂದು ಮೂರನೆಯ ಯಂತ್ರವನ್ನು ಮೇವಿನ ಕೋಣೆಯಲ್ಲಿ ಸಾಕ್ಷಿಗೆ ಕೂರಿಸಿದ್ದಾಳೆ. ಇವತ್ತು ಪರೀಕ್ಷೆ. ಅವಳು ಶೆಡ್ಡಿನಲ್ಲಿ ಕೇಬಲ್ ಕೀಳಬೇಕು, ಕರೆಂಟ್ ಕಡಿದು ದೋಣಿಮನೆಯದು ಆರಬೇಕು. ನೋಡಲು ನಾನೇ ಹೋದೆ. ಬಾಗಿಲು ಹಾಕಿಕೊಂಡು ಕುಳಿತೆ.

ವಾಕಿಟಾಕಿಯಲ್ಲಿ ಇಂಗ್ವಿಲ್: “ಕಿತ್ತೆ.”

ಫ್ಯಾನ್ ಸ್ವಲ್ಪ ಹೊತ್ತು ತಿರುಗಿತು. ನಿಂತಿತು. ದೀಪ ಆರಿತು. ಮೊಳೆಯ ಮೇಲೆ ಓಸ್ಮುಂಡ್‌ನ ಮಳೆಕೋಟು ಅಲುಗಿತು — ಗಾಳಿ ಎಲ್ಲಿಂದ?

“ಇಲ್ಲಿ ಎಲ್ಲ ಸರಿ ನಡೀತಿದೆ. ಅಲ್ಲಿ ಪೂರ್ತಿ ಸತ್ತಿದ್ಯಾ? ಬಾಯಿಬಿಟ್ಟು ಹೇಳು, ಅಮ್ಮಾ. ಕಣ್ಣಾರೆ ನೋಡ್ತಿರೋಳು ನೀನು.”

ಗುಂಡಿಯ ಮೇಲೆ ಬೆರಳಿಟ್ಟೆ.

“ಅಮ್ಮಾ? ಕೇಳಿಸ್ತಿದ್ಯಾ?”

ಒಂಬತ್ತು ವರ್ಷ ಬಾಯಿಗೆ ಬಾರದ ಮಾತು. ಗುಂಡಿ ಒತ್ತಿ ಹೇಳಿದೆ: “ಹೌದು, ಸತ್ತಿದೆ.”

ಆಗ ಬೆನ್ನ ಹಿಂದೆ ಯಾರೋ ಬಲೆ ಎಳೆದ ಸದ್ದು.