ಹೆಸರು ಹೇಳದ ಉದಾಹರಣೆ

ಜೂನ್ 3, ಮಂಗಳವಾರ

ಇವತ್ತೂ ಬೆಡ್‌ಶೀಟ್ ಒದ್ದೆ. ಇವರು ಏಳುವ ಮೊದಲೇ ಒಗೆದು ಬಾಲ್ಕನಿಯಲ್ಲಿ ಹರವಿದ್ದಾಯಿತು. ಪುಟ್ಟಿಗೆ ಹನ್ನೊಂದು ತುಂಬಿದೆ. ಪ್ರವಾಹದಲ್ಲಿ ಮನೆಗಳು ತೇಲಿಹೋಗುವ ವಿಡಿಯೋ ನೋಡಿದಾಗಿನಿಂದ ಹೀಗೆ. "ಅಪ್ಪನಿಗೂ ಹೇಳ್ಬೇಡಮ್ಮ" ಅಂದಿದ್ದಾಳೆ. ಹೇಳಿಲ್ಲ.

ಪುಟ್ಟಿಯೂ ಓದುವ ಸ್ಕೂಲಿನಲ್ಲೇ ನನ್ನ ಕೆಲಸ. ಇವತ್ತು ಒಂಬತ್ತನೇ ಕ್ಲಾಸಿನ ಗುಂಪು. ಬ್ಯಾಸ್ಕೆಟ್‌ಬಾಲ್ ಆಡುವ ಉದ್ದನೆಯ ಹುಡುಗಿ ಕೇಳಿದಳು, "ಮಿಸ್, ಭೂಮಿ ಹೀಗೇ ಬಿಸಿಯಾಗ್ತಾ ಹೋದ್ರೆ ಪರೀಕ್ಷೆ ಬರೆದು ಏನ್ ಪ್ರಯೋಜನ?" ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಏನೂ ಆಗಲ್ಲ ಬಿಡು ಅನ್ನಬಾರದು — ಕೌನ್ಸೆಲರ್ ಕೆಲಸದ ಮೊದಲ ಪಾಠ. "ನಂಗೂ ಭಯ ಆಗುತ್ತೆ. ನಿಂಗೆ ಯಾವಾಗ ಜಾಸ್ತಿ?" ಅಂದೆ. ಹೇಳಿದಳು. ನಕ್ಕವರೂ ಒಬ್ಬೊಬ್ಬರಾಗಿ ಬಾಯಿಬಿಟ್ಟರು.

ಶನಿವಾರ ಅಪ್ಪ-ಅಮ್ಮಂದಿರ ಸೆಷನ್. ಕಷ್ಟ ಇರೋದು ಅಲ್ಲಿ.

ಜೂನ್ 7, ಶನಿವಾರ

ಅರ್ಧ ಜನ ಫೋನಿನಲ್ಲಿ. ಒಬ್ಬ ಅಪ್ಪ ಕೈಕಟ್ಟಿ ಕೂತು, "ನಮ್ ಕಾಲದಲ್ಲೂ ಮಳೆ ಬರ್ತಿತ್ತು ಮೇಡಂ, ನಾವೇನು ಹೆದರ್ಕೊಂಡ್ವಾ?" ಅಂದರು. ಹಾಲ್ ಪೂರ್ತಿ ನಗು. ಎಲ್ಲ ಕೈತಪ್ಪಿ ಹೋಗುತ್ತಿದೆ ಅನ್ನಿಸಿತು. ಆಗ ಹೇಳಿಬಿಟ್ಟೆ... "ನಂಗೆ ಗೊತ್ತಿರೋ ಒಂದು ಮಗು. ಹನ್ನೊಂದು ವರ್ಷ. ಪ್ರವಾಹದ ವಿಡಿಯೋ ನೋಡಿದ ಮೇಲೆ ಹಾಸಿಗೆ ಒದ್ದೆ ಮಾಡ್ಕೊಳ್ತಿದೆ." ಹೆಸರು ಹೇಳಲಿಲ್ಲ.

ಒಬ್ಬ ತಾಯಿ ಕಣ್ಣೊರೆಸಿಕೊಂಡರು. ಕೈಕಟ್ಟಿದ ಅಪ್ಪ ಕೈ ಬಿಚ್ಚಿದರು. ಆಮೇಲೆ ಹೆಡ್ ಮೇಡಂ, "ಆ ಎಕ್ಸಾಂಪಲ್ ಇದ್ಯಲ್ಲ, ಅದೇ ಕೆಲ್ಸ ಮಾಡಿದ್ದು" ಅಂದರು. ಉಬ್ಬಿಹೋದೆ. ಮನೆತನಕ ಹಾಡು ಗುನುಗುತ್ತಲೇ ಬಂದೆ.

ಜೂನ್ 10, ಮಂಗಳವಾರ

ಪುಟ್ಟಿಯ ಡೆಸ್ಕಿನ ಕೆಳಗೆ ಯಾರೋ ಟಾಯ್ಲೆಟ್ಟಿನ ಬಕೆಟ್ ಇಟ್ಟಿದ್ದರಂತೆ. ಅವಳು ಒಳಗೆ ಬರುತ್ತಲೇ "ಪ್ರವಾಹ ಬಂತು, ಓಡ್ರೋ!" ಅಂತ ಕೂಗಿದರಂತೆ.

ಪಕ್ಕದ ಮನೆಯ ಬ್ಯಾಂಕಿನಾಕೆ ಶನಿವಾರ ಸೆಷನ್ನಿಗೆ ಬಂದಿದ್ದರು. ಅವರ ಮಗಳು ಪುಟ್ಟಿಯ ಕ್ಲಾಸು. "ಪಾಪ, ಅವಳ ಜೊತೆ ಚೆನ್ನಾಗಿರು" ಅಂತ ಮಗಳಿಗೆ ಹೇಳಿದ್ದಂತೆ. ಒಳ್ಳೆ ಮನಸ್ಸಿನಿಂದಲೇ. ಅವರನ್ನು ಬೈಯಲೂ ನನಗೆ ಬಾಯಿಲ್ಲ.

ಪುಟ್ಟಿ ಅಳದೆ ಹೇಳಿದಳು. ಅತ್ತಿದ್ದರೆ ಚೆನ್ನಾಗಿತ್ತು. ನಾನು ಮೊದಲು ಆಡಿದ ಮಾತೇನು? "ನಾನು ಹೆಸರು ಹೇಳಿಲ್ಲ ಪುಟ್ಟಿ." ಥೂ, ನನ್ನ ಜನ್ಮಕ್ಕಿಷ್ಟು.

"ದಿನಾ ನನ್ ಬೆಡ್‌ಶೀಟ್ ಬಾಲ್ಕನೀಲಿ ಒಣಗ್ತಿದ್ರೆ ಹೆಸರು ಯಾಕಮ್ಮ ಬೇಕು?"

ಜೂನ್ 11, ಬುಧವಾರ

ಇವರಿಗೆ ಗೊತ್ತಾಯಿತು. "ನಂಗೇ ಹೇಳದೆ ಇದ್ದಿದ್ದನ್ನ ಹಾಲ್ ತುಂಬ ಜನಕ್ಕೆ ಹೇಳಿದ್ಯಾ?" ಅಷ್ಟೇ ಅಂದರು. ಜಗಳಕ್ಕೆ ಬಂದಿದ್ದರೆ ಎದುರಾಡಬಹುದಿತ್ತು. ಬರೆಯಲು ಮನಸ್ಸಿಲ್ಲ.

ಜೂನ್ 20, ಶುಕ್ರವಾರ

ಒಂಬತ್ತನೇ ಕ್ಲಾಸಿನವರು. ಬ್ಯಾಸ್ಕೆಟ್‌ಬಾಲ್ ಹುಡುಗಿ ಶೂ ನೋಡುತ್ತಾ ಕೇಳಿದಳು, "ಮಿಸ್, ಇಲ್ಲಿ ಹೇಳಿದ್ದು ಇಲ್ಲೇ ಇರುತ್ತಾ?"

ಇರುತ್ತೆ ಅನ್ನಲು ನಾಲಿಗೆ ಏಳಲಿಲ್ಲ. "ಒಂದ್ಸಲ ತಪ್ಪು ಮಾಡಿದೀನಿ" ಅಂದೆ.

"ಗೊತ್ತು ಮಿಸ್."

ಇಡೀ ಸ್ಕೂಲಿಗೇ ಗೊತ್ತು ಹಾಗಾದರೆ. ಉಳಿದ ಹೊತ್ತು ಯಾರೂ ತುಟಿ ಬಿಚ್ಚಲಿಲ್ಲ. ಭಯ ಹೇಳಿಕೊಳ್ಳಲು ಈ ಮಕ್ಕಳಿಗಿದ್ದ ಒಂದೇ ರೂಮು, ಅದನ್ನೂ ಕೆಡಿಸಿಟ್ಟೆ.

ಮನೆಗೆ ಬಂದು ಪುಟ್ಟಿಗೆ ಹೇಳಿದೆ — ನಾಳೆ ಅಪ್ಪ-ಅಮ್ಮಂದಿರ ಸೆಷನ್ನಿನಲ್ಲಿ ಎಲ್ಲರ ಮುಂದೆ ತಪ್ಪೊಪ್ಪಿಕೊಳ್ಳುತ್ತೇನೆ. ಖುಷಿಪಡುತ್ತಾಳೆ ಅಂದುಕೊಂಡಿದ್ದೆ, ಪೆದ್ದಿ ನಾನು.

"ಅಂದ್ರೆ ಮತ್ತೆ ನನ್ ವಿಷ್ಯ ಎತ್ತುತ್ತೀಯ."

"ಕ್ಷಮೆ ಕೇಳೋದು ಬೇಡ್ವಾ?"

"ನಿಂಗೆ ಹಗುರ ಆಗ್ಲಿ ಅಂತ ನಾನ್ಯಾಕೆ ಮತ್ತೆ ಎಲ್ರ ಬಾಯಿಗೆ ಬೀಳ್ಬೇಕು?"

ಕೂತಲ್ಲೇ ಕುಗ್ಗಿಹೋದೆ. ನನ್ನ ವಿದ್ಯೆ, ನನ್ನ ಟ್ರೇನಿಂಗು ಎಲ್ಲ ಸೇರಿದರೂ ಅವಳಿಗೆ ಹೊಳೆದದ್ದು ನನಗೆ ಹೊಳೆಯಲಿಲ್ಲ.

ಜೂನ್ 21, ಶನಿವಾರ

ಕೈಕಟ್ಟಿದ ಅಪ್ಪನೇ ಕೇಳಿದರು, "ಮೇಡಂ, ಆ ಮಗು ಈಗ ಹೇಗಿದೆ?" ನಿಜವಾದ ಕಾಳಜಿ. ಒಂದಿಬ್ಬರು ಬ್ಯಾಂಕಿನಾಕೆಯತ್ತ ತಿರುಗಿದರು. ಆಕೆ ತಲೆ ತಗ್ಗಿಸಿದರು, ನಾನೂ.

"ಆ ವಿಷ್ಯ ಇನ್ನು ಮಾತಾಡಲ್ಲ. ನಿಮ್ಮ ಮಕ್ಕಳನ್ನ ಕೇಳಿ. ಅವ್ರು ಹೇಳಿದ್ದನ್ನ ಇನ್ನೊಬ್ಬರಿಗೆ ಹೇಳ್ಬೇಡಿ, ನಂಗೂ ಕೂಡ."

ಸೆಷನ್ ಸಪ್ಪೆ. ಹೆಡ್ ಮೇಡಂ ಮುಖ ಗಂಟು. ಇರಲಿ.

ಜುಲೈ 2, ಬುಧವಾರ, ಸಂಜೆ

ಜೋರು ಮಳೆ. ಫೋನಿಗೆ ಎಚ್ಚರಿಕೆಯ ಮೆಸೇಜು. ಇವರು ಇನ್ನೂ ಆಫೀಸಿನಲ್ಲಿ. ಪುಟ್ಟಿ ಕಿಟಕಿ ಹತ್ತಿರ ನಿಂತು ರಸ್ತೆಯ ನೀರನ್ನೇ ನೋಡುತ್ತಿದ್ದಳು. ಇಷ್ಟು ದಿನ ಊಟ, ಹೋಂವರ್ಕ್ ಬಿಟ್ಟು ಬೇರೆ ಮಾತಿಲ್ಲ ನಮ್ಮಿಬ್ಬರಲ್ಲಿ. ಕೆದಕಲು ಹೋಗಲಿಲ್ಲ. ಊಟದ ಟೇಬಲ್ಲಿನಲ್ಲಿ ಕೂತು ಈ ಡೈರಿ ತೆಗೆದೆ.

ತಾನಾಗಿ ಬಂದಳು.

"ಏನ್ ಬರೀತಿದೀಯ? ನನ್ ಬಗ್ಗೆನಾ?"

"ಹೌದು. ನನ್ ತಪ್ಪಿನ ಬಗ್ಗೆನೂ."

ಹೊರಟುಹೋಗುತ್ತಾಳೆ ಅಂದುಕೊಂಡೆ. ಕುರ್ಚಿ ಎಳೆದು ಕೂತಳು. "ಒಂದು ಹೇಳ್ತೀನಿ. ಅಪ್ಪನಿಗೆ ನಾನೇ ಹೇಳ್ಕೊಳ್ತೀನಿ. ನೀನು ಯಾರಿಗೂ ಹೇಳ್ಬಾರ್ದು. ಇದರಲ್ಲೂ ಬರೀಬಾರ್ದು."

"ಇಲ್ಲ."

ನಂಬಲಿಲ್ಲ. ನಂಬು ಅನ್ನುವ ಮುಖ ನನಗೂ ಇರಲಿಲ್ಲ. ಪೆನ್ನು ಅವಳ ಕೈಗೇ ಕೊಟ್ಟುಬಿಟ್ಟೆ. ಮುಷ್ಟಿಯಲ್ಲಿ ಹಿಡಿದುಕೊಂಡೇ ಹೇಳಿದಳು. ಅಳುತ್ತಾ.

ಈಗ ಸೋಫಾದ ಮೇಲೆ ನಿದ್ದೆ ಹೋಗಿದ್ದಾಳೆ. ಪೆನ್ನು ವಾಪಸ್ ಇಟ್ಟಿದ್ದಾಳೆ. ಅವಳು ಹೇಳಿದ್ದು... ಇಲ್ಲ, ಬರೆಯುವುದಿಲ್ಲ.