ಟೆಂಪೊದ ಹಿಂಬಾಗಿಲ ತಗ್ಗು

ಮೌನೇಶಾ,

ರೊಟ್ಟಿ ಬುಟ್ಟಿಯಲ್ಲಿದೆ, ಜುಣಕ ಮುಚ್ಚಿಟ್ಟಿದ್ದೇನೆ. ರಾತ್ರಿಯೂ ಉಂಡಿಲ್ಲ ನೀನು, ಮೊದಲು ಉಣ್ಣು. ಆಮೇಲೆ ನೇರ ಗ್ಯಾರೇಜಿಗೆ ಹೋಗು. ನಿಮ್ಮಣ್ಣ ಕಾಯುತ್ತಿದ್ದಾರೆ, ಇಬ್ಬರೂ ಪೊಲೀಸ್ ಠಾಣೆಗೆ ಹೋಗಬೇಕು.

ಅಪಘಾತದ ಗಾಡಿಯನ್ನು ಪೊಲೀಸರು ಹೈವೇಯಿಂದ ಎಳೆದು ತಂದು ನಮ್ಮಲ್ಲಿ ನಿಲ್ಲಿಸಿದರೆ, ಪಂಚನಾಮೆ ಆಗುವವರೆಗೆ ಅದಕ್ಕೆ ಸುತ್ತಿಗೆ ಮುಟ್ಟಿಸಬಾರದು. ಇದನ್ನು ಹೇಳದೆ ನಿಮ್ಮಣ್ಣ ಮಿರಜಕ್ಕೆ ಹೋದದ್ದು ತಪ್ಪು. ಕೇಳದೆ ನೀನು ಕೈ ಹಾಕಿದ್ದೂ ತಪ್ಪು. ಅಣ್ಣ ಬಂದು ನೋಡಿ ಮೆಚ್ಚಲಿ ಅಂತ ಮಾಡಿದೆ, ಅದು ನಿನ್ನ ಅತ್ತಿಗೆಯಾದ ನನಗೆ ಗೊತ್ತು. ಆದರೆ ಆ ಟೆಂಪೊದಲ್ಲಿ ಸತ್ತ ಡ್ರೈವರ್ ಮುರಗೆಪ್ಪ ಕುಡಿದು ಮರಕ್ಕೆ ಗುದ್ದಿದ ಎಂದು ಊರೆಲ್ಲ ಆಡಿಕೊಳ್ಳುತ್ತಿದೆ. ಹಿಂದಿನಿಂದ ಲಾರಿ ಗುದ್ದಿತ್ತು ಎನ್ನಲು ಟೆಂಪೊದ ಹಿಂಬಾಗಿಲ ತಗ್ಗೊಂದೇ ಸಾಕ್ಷಿಯಾಗಿತ್ತು. ಅದನ್ನೇ ನೀನು ತಟ್ಟಿ ಸರಿಮಾಡಿ ಬಣ್ಣ ಹೊಡೆದೆ.

ತಗ್ಗು ಎಷ್ಟು ಆಳವಿತ್ತು, ಲಾರಿಯ ಹಸಿರು ಬಣ್ಣ ಎಲ್ಲಿ ಅಂಟಿತ್ತು, ಎಲ್ಲ ಠಾಣೆಯಲ್ಲಿ ನಿನ್ನ ಬಾಯಿಂದಲೇ ಹೇಳು. ಬೈದರೆ ಬೈಸಿಕೋ. ನಂಬುತ್ತಾರೋ ಇಲ್ಲವೋ ಗೊತ್ತಿಲ್ಲ.

ನಾನು ಕೊಗನೊಳ್ಳಿಗೆ, ಮುರಗೆಪ್ಪನ ಹೆಂಡತಿ ಗೌರಾಬಾಯಿಯ ಹತ್ತಿರ ಹೊರಟಿದ್ದೇನೆ. "ನನ್ನ ಗಂಡ ಕುಡಿಯಾಂವಲ್ಲರೀ ಅಕ್ಕಾರ, ಆ ಗಾಡಿ ನೋಡ್ರಿ, ಅದ ಹೇಳತೈತಿ" ಎಂದು ಮೊನ್ನೆ ನನ್ನ ಕೈ ಹಿಡಿದು ಅತ್ತಿದ್ದಳು. ಇನ್ನು ಗಾಡಿ ಏನೂ ಹೇಳುವುದಿಲ್ಲ ಎಂಬುದನ್ನು ಅವಳಿಗೆ ನಾನೇ ತಿಳಿಸಬೇಕು.

"ನಾ ಈ ಕೆಲಸಾನ ಬಿಡ್ತೀನಿ ವೈನಿ" ಅಂದೆಯಲ್ಲ, ಬಿಡಬೇಡ. ನಿಮ್ಮಣ್ಣ ನಿನ್ನೆ ಆ ಬಾಗಿಲ ಮೇಲೆ ಎಷ್ಟೋ ಹೊತ್ತು ಕೈಯಾಡಿಸಿದರು. ತಗ್ಗು ಎಲ್ಲಿತ್ತೆಂದು ಅವರ ಬೆರಳಿಗೂ ಸಿಗಲಿಲ್ಲ.

ವೈನಿ