ತಾತನ ಕಂಪ್ಯೂಟರಿಗೆ ಬಂದ ಮಾನಿಟರ್

ಜುರೆಮಾ,

ಎದ್ದ ಕೂಡಲೇ ತಾತನ ಹಳೇ ಕಂಪ್ಯೂಟರಿಗೆ ಮಾನಿಟರ್ ಜೋಡಿಸಲು ಓಡುತ್ತೀಯ, ಗೊತ್ತು. ಮೊದಲು ಇದನ್ನು ಓದು. ಪ್ಲಗ್ ಮುಟ್ಟಬೇಡ!

ಮಾನಿಟರ್ ಹಿಂದಿನ ಕೆಂಪು ಗುಂಡಿ 110 ವೋಲ್ಟಿನಲ್ಲಿದೆ. 220ಕ್ಕೆ ತಳ್ಳಲು ಹೋಗಿ ಉಗುರು ಮುರಿದುಕೊಂಡೆ, ಅದು ಜಗ್ಗಲಿಲ್ಲ. ಕೆಳಗಿನ ಮನೆಯ ರೇಡಿಯೊ ರಿಪೇರಿಯ ಜೆನಿವಾಲ್ ಅವರನ್ನು ಕರೆ. ಇದನ್ನು ಕಳಿಸಿದ ನಿನ್ನ ವಾಲ್ಮಿರ್ ಮಾವ ಫೋನಿನಲ್ಲಿ, "ಸುಮ್ನೆ ಸಿಕ್ಸಕ್ಕಾ, ಏನೂ ಆಗಲ್ಲ" ಅಂದ. ಅವನ ಸಾವೊ ಪಾಲೊದಲ್ಲಿ ಕರೆಂಟು 110, ಅಲ್ಲಿ ಏನೂ ಆಗುವುದಿಲ್ಲ, ನಿಜ. ನಮ್ಮ ರೆಸಿಫೆಯ 220ರ ಕರೆಂಟಿಗೆ ಸುಟ್ಟೇ ಹೋಗುತ್ತದೆ. ಹಿಂದೆ ಅವನು ಕಳಿಸಿದ ಮಿಕ್ಸಿಯ ಗತಿ ನೋಡಿದ್ದೀಯಲ್ಲ! ಇಂಥ ಇನ್ನೊಂದು ಮಾನಿಟರ್ ನಮಗೆಲ್ಲಿ ಸಿಗಬೇಕು?

ಗುಂಡಿ ಸರಿಯಾದ ಮೇಲೆ ಮಾನಿಟರಿನ ಹಳದಿ ತಂತಿಯನ್ನು ಕಂಪ್ಯೂಟರಿನ ಹಳದಿ ತೂತಿಗೆ ಸಿಕ್ಕಿಸು.

ಒಲೆಯ ಮೇಲೆ ಮೆಕ್ಕೆಜೋಳದ ಹಿಟ್ಟಿನ ಕುಸ್ಕುಸ್ ಇದೆ. ತಾತನಿಗೆ ಹಾಲು ಹಾಕಿ ಮೆತ್ತಗೆ ಕಲಸಿ ಕೊಡು.

ಮಾತು ನಿಂತುಹೋದ ಮೇಲೆ ತಾತ ಏನನ್ನೂ ಬಯಸಿರಲಿಲ್ಲ. ನಿನ್ನೆ ಪರದೆಯೇ ಇಲ್ಲದ ಆ ಕಂಪ್ಯೂಟರಿನ ಮೇಲೆ ಅವರ ಬೆರಳು ಓಡಿದ್ದನ್ನು ನಾನೂ ನೋಡಿದೆ. ಏನು ಬರೆದರೋ ಎಂದು ನನಗೆ ನಿದ್ದೆಯೇ ಹತ್ತಲಿಲ್ಲ.

ಬೇಕರಿ ಕೆಲಸಕ್ಕೆ ಹೊತ್ತಾಯಿತು. ನನಗಾಗಿ ಕಾಯಬೇಡಿ, ಅವರು ಬರೆಯಲಿ. ಆದರೆ ಕಂಪ್ಯೂಟರ್ ಆರಿಸಬೇಡ, ಆರಿಸಿದರೆ ಈ ಹಳೇದರಲ್ಲಿ ಬರೆದದ್ದೆಲ್ಲ ಅಳಿಸಿಹೋಗುತ್ತದೆ. ನಾನು ಬಂದು ಓದುವವರೆಗೂ ಹಾಗೇ ಉರಿಯುತ್ತಿರಲಿ.

ಅಮ್ಮ